ಸರ್ಕಾರಿ ಕೆಲಸದಲ್ಲಿದ್ದ ಅಮ್ಮನ ನೆನಪಿನ ಪುಸ್ತಕ ಮಾಡುವುದು ಹೇಗೆ

ಅಮ್ಮ ತೀರಿಕೊಂಡ ಮೂರನೇ ದಿನ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಪ್ರೆಸ್ಸಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಒಂದು ಹಳೆಯ ಕಾರ್ಡು ತೆಗೆದು, "ಇದರಲ್ಲೇ ಹೆಸರು, ಫೋಟೋ ಚೇಂಜ್ ಮಾಡೋಣ್ವಾ ಸಾರ್?" ಅಂದ. ಓದಿದೆ. "ವಾತ್ಸಲ್ಯಮಯಿ ತಾಯಿ, ಅಕ್ಕರೆಯ ಅಜ್ಜಿ, ಕರ್ತವ್ಯನಿಷ್ಠ ಸರ್ಕಾರಿ ನೌಕರರು." ಯಾರದೋ ತಾಯಿಗೆ ಬರೆದದ್ದು. ನಮ್ಮಮ್ಮನಿಗೂ ಒಂದಕ್ಷರ ಬದಲಿಸದೆ ಸರಿಹೋಗುತ್ತಿತ್ತು. ಹೂಂ ಅಂದು ಬಂದೆ. ಅವತ್ತು ಬೇರೇನೂ ತೋಚುವ ಹಾಗಿರಲಿಲ್ಲ.

ಆದರೆ ಅದು ಒಳಗೇ ಕೊರೆಯುತ್ತಿತ್ತು. ಅಮ್ಮ 35 ವರ್ಷ ಹಳ್ಳಿಗಳಲ್ಲಿ ನರ್ಸಮ್ಮ ಆಗಿದ್ದವಳು. ಇಲಾಖೆಯ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ಅವಳ ಅಡುಗೆ ಬಗ್ಗೆ, ಹಬ್ಬದ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಬೆಳಗ್ಗೆ ಎಂಟಕ್ಕೆ ಚೀಲ ಹಿಡಿದು ಹೋದವಳು ಸಂಜೆಯವರೆಗೆ ಏನು ಮಾಡುತ್ತಿದ್ದಳು ಅಂತ ಕೇಳಿದರೆ? ಎರಡು ಸಾಲು ಆಗುತ್ತಿತ್ತೋ ಇಲ್ಲವೋ. ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳ ಪಾಡು ಬಹುಮಟ್ಟಿಗೆ ಇದೇ. ಅರ್ಧ ಅಮ್ಮ ಮಾತ್ರ ಗೊತ್ತು.

ವರ್ಷದ ಪುಣ್ಯಸ್ಮರಣೆ ಹೊತ್ತಿಗೆ ಅಕ್ಕ, ನಾನು ಸೇರಿ 32 ಪುಟದ ಒಂದು ಪುಸ್ತಕ ಮಾಡಿದೆವು. ಅದನ್ನು ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಾಯಿ ಟೀಚರ್ ಆಗಿರಬಹುದು, ಪೋಸ್ಟಾಫೀಸಿನಲ್ಲಿರಬಹುದು, ಪಂಚಾಯ್ತಿ ಮೆಂಬರ್ ಆಗಿರಬಹುದು. ದಾರಿ ಹೆಚ್ಚುಕಮ್ಮಿ ಒಂದೇ.

ಮೊದಲು: ಬರೆಯಬೇಡಿ, ಎತ್ತಿಡಿ

ಹನ್ನೊಂದು ದಿನದೊಳಗೆ ಏನೂ ಬರೆಯಲು ಹೋಗಬೇಡಿ. ಬರೆದರೆ ಪ್ರೆಸ್ಸಿನ ಹುಡುಗ ತೋರಿಸಿದ ಸಾಲುಗಳೇ ಬರುತ್ತವೆ. ಆ ದಿನಗಳಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ. ಯಾವುದನ್ನೂ ಬಿಸಾಡಲು ಬಿಡಬಾರದು.

ಯಾಕೆಂದರೆ ಮನೆಗೆ ಬಂದ ನೆಂಟರಿಗೆ ಬೀರು ಖಾಲಿ ಮಾಡುವ ಉತ್ಸಾಹ ಜಾಸ್ತಿ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಸೀರೆ ಹಂಚಿಕೊಳ್ಳಲಿ, ಪಾತ್ರೆ ಹಂಚಿಕೊಳ್ಳಲಿ. ಕಾಗದ ಅಂತ ಕಂಡದ್ದೆಲ್ಲ ಒಂದು ಟ್ರಂಕಿಗೆ ಹೋಗಲಿ. ಹಳೆಯ ಡೈರಿ, ಬ್ಯಾಂಕಿನ ಕ್ಯಾಲೆಂಡರು, ಅಂಚೆ ಕಾರ್ಡು, ಕಿರಾಣಿ ಚೀಟಿ, ಬಸ್ ಪಾಸು, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಬಾಂಡು, ಯಾವುದೋ ತರಬೇತಿಯ ಸರ್ಟಿಫಿಕೇಟು, ಎಲ್ಲವೂ. ಯಾವುದು ಮುಖ್ಯ ಅಂತ ಆಮೇಲೆ ನೋಡೋಣ. ನಮ್ಮಮ್ಮ ಕ್ಯಾಲೆಂಡರಿನ ಖಾನೆಗಳಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಯಾವ ಹಳ್ಳಿಗೆ ಯಾವತ್ತು ಹೋದೆ ಅಂತ ಬರೆಯುತ್ತಿದ್ದಳು. ಹತ್ತು ವರ್ಷದ ಕ್ಯಾಲೆಂಡರು ಅಟ್ಟದ ಮೇಲೆ ಸುತ್ತಿಟ್ಟಿದ್ದು ಸಿಕ್ಕಿತು. ಇಲಿ ತಿಂದದ್ದು ಬಿಟ್ಟು.

ಎರಡನೆಯದು ಫೋನು. ಅಮ್ಮನ ಮೊಬೈಲನ್ನು ರೀಸೆಟ್ ಮಾಡಿ ಮನೆಯ ಮಕ್ಕಳ ಕೈಗೆ ಕೊಡಬೇಡಿ. ರೀಚಾರ್ಜ್ ಮಾಡದೆ ಬಿಟ್ಟರೆ ನಂಬರೂ ಕೈಬಿಡುತ್ತದೆ, ಹಾಗಾಗಿ ಕೆಲವು ತಿಂಗಳು ನಡೆಸಿ. ವಾಟ್ಸಾಪ್ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿಕೊಳ್ಳಿ. "ಅಕ್ಕಿ ತಗೊಂಡು ಬಾ, ಸೋನಾ ಮಸೂರಿ, ಕಳೆದ ಸಲ ತಂದದ್ದು ಬೇಡ" ಅನ್ನುವ ಎಂಟು ಸೆಕೆಂಡಿನ ದನಿ ಮುಂದೆ ಬೇಕಾಗುತ್ತದೆ.

ಮೂರನೆಯದು ಆಫೀಸಿನ ಕೆಲಸ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಪಿಂಚಣಿ ನಿಲ್ಲಿಸಲು, ತಂದೆಯವರಿದ್ದರೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಲು ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಕೇಳುತ್ತಾರೆ. ಯಾವ ಮೂಲ ಕಾಗದ ಕೈಬಿಡುವ ಮುಂಚೆಯೂ ಅದರ ಎಲ್ಲ ಪುಟದ ಫೋಟೋ ತೆಗೆದಿಡಿ. ಕೊಟ್ಟದ್ದು ವಾಪಸ್ ಬರುತ್ತದೆ ಅಂತ ನಂಬಿ ಕೂರಬೇಡಿ.

ಆಮೇಲೆ: ಸೇವಾ ಪುಸ್ತಕ ಹಿಡಿದು ಕೂರಿ

ಸರ್ಕಾರಿ ನೌಕರರ ಇಡೀ ಬದುಕು ಬರೆದಿಟ್ಟ ಪುಸ್ತಕ ಒಂದಿದೆ. ಸೇವಾ ಪುಸ್ತಕ. ಆಫೀಸಿನಲ್ಲಿ ಎಲ್ಲರೂ ಎಸ್‌ಆರ್ ಅನ್ನುತ್ತಾರೆ. ಕೆಲಸಕ್ಕೆ ಸೇರಿದ ದಿನ, ಇನ್‌ಕ್ರಿಮೆಂಟು, ವರ್ಗಾವಣೆ, ರಜೆ, ಬಡ್ತಿ, ನಿವೃತ್ತಿ ಎಲ್ಲ ಅದರಲ್ಲಿ. ನಿವೃತ್ತಿಯ ಹೊತ್ತಿಗೆ ಅದು ಪಿಂಚಣಿ ಕಾಗದಗಳ ಜೊತೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಅದಕ್ಕೆ ಎಷ್ಟೋ ಜನ ಮೊದಲೇ ಪೂರ್ತಿ ಜೆರಾಕ್ಸ್ ಮಾಡಿಸಿಟ್ಟಿರುತ್ತಾರೆ. ಪಿಪಿಒ ಇರುವ ಕವರಿನಲ್ಲಿ, ಬಟ್ಟೆ ಬೀರುವಿನ ಕೆಳಗಿನ ಅರೆಯಲ್ಲಿ ನೋಡಿ. ಸಿಗದಿದ್ದರೆ ಕೊನೆಗೆ ಕೆಲಸ ಮಾಡಿದ ಕಚೇರಿಗೆ ಮಗ ಅಥವಾ ಮಗಳು ಅಂತ ಹೇಳಿಕೊಂಡು, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಒಂದು ಅರ್ಜಿ ಕೊಡಿ. ಅರ್ಜಿಗಿಂತ ಅಲ್ಲಿನ ಹಳೆಯ ಕೇಸ್ ವರ್ಕರ್ ಜೊತೆ ಒಂದು ಟೀ ಬೇಗ ಕೆಲಸ ಮಾಡುತ್ತದೆ. ನಮಗೆ ಅರ್ಜಿಯ ಉತ್ತರ ಇನ್ನೂ ಬಂದಿಲ್ಲ. ಜೆರಾಕ್ಸ್ ಮಾತ್ರ ಅಮ್ಮನ ಮದುವೆ ಸೀರೆಯ ಮಡಿಕೆಯಲ್ಲಿತ್ತು.

ಮೊದಲ ಪುಟ ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಎಡಗೈಯ ಐದೂ ಬೆರಳಿನ ಅಚ್ಚು. ಎತ್ತರ ಐದು ಅಡಿ ಒಂದು ಅಂಗುಲ. ಗುರುತಿನ ಚಿಹ್ನೆ: ಬಲ ಮೊಣಕೈ ಕೆಳಗೆ ಕಪ್ಪು ಮಚ್ಚೆ. ನಲವತ್ತಾರು ವರ್ಷ ಅಮ್ಮನ ಕೈತುತ್ತು ತಿಂದವನು ನಾನು. ಆ ಮಚ್ಚೆ ನೋಡಿಯೇ ಇರಲಿಲ್ಲ. 1971ರಲ್ಲಿ ಯಾವನೋ ಗುಮಾಸ್ತ ನೋಡಿ ಬರೆದುಕೊಂಡಿದ್ದ.

ಸೇವಾ ಪುಸ್ತಕವನ್ನು ಒಬ್ಬರೇ ಓದಬೇಡಿ. ನಿವೃತ್ತ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಯಾರಾದರೂ ಬೀದಿಯಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕೂರಿಸಿಕೊಳ್ಳಿ. ನಮಗೆ ಬರೀ ಸೀಲು, ಗೀಚಿದ ಸಹಿ ಕಾಣುವ ಕಡೆ ಅವರಿಗೆ ಕತೆ ಕಾಣುತ್ತದೆ. ನಮಗೆ ಆದದ್ದು ಹೀಗೆ. ಅಮ್ಮ 1971ರಿಂದ ಹರಪನಹಳ್ಳಿ ತಾಲೂಕಿನಲ್ಲಿದ್ದಳು. 1984ರಲ್ಲಿ ದಾವಣಗೆರೆ ತಾಲೂಕಿಗೆ ವರ್ಗ. ನಮ್ಮ ಪಾಲಿಗೆ ಅದು "ಅಮ್ಮಂಗೆ ಟ್ರಾನ್ಸ್‌ಫರ್ ಆಯ್ತು, ದಾವಣಗೆರೆಗೆ ಬಂದ್ವಿ" ಅಷ್ಟೇ. ಕನ್ನಡಕ ಮೂಗಿನ ತುದಿಗೆ ಇಳಿಸಿ ಓದುತ್ತಿದ್ದ ನಮ್ಮ ಪಕ್ಕದ ಮನೆ ಅಂಕಲ್ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಸ್ವಂತ ಕೋರಿಕೆ ಮೇರೆಗೆ ಅಂತಿದೆ ನೋಡ್ರಿ. ಬೇರೆ ಜಿಲ್ಲೆಗೆ ಕೇಳಿಕೊಂಡು ಬಂದ್ರೆ ಸೀನಿಯಾರಿಟಿ ಹೋಗ್ತದೆ. ಅಲ್ಲಿನ ಜೂನಿಯರ್ ಹುಡುಗೀರಿಗಿಂತ ಕೆಳಗೆ ನಿಲ್ಲಬೇಕು. ನಿಮ್ಮ ತಾಯಿ ಹದಿಮೂರು ವರ್ಷದ ಸೀನಿಯಾರಿಟಿ ಬಿಟ್ಟು ಬಂದಿದಾರೆ."

1984. ಅಕ್ಕನಿಗೆ ಹನ್ನೆರಡು, ಹೈಸ್ಕೂಲಿಗೆ ಹೋಗಬೇಕಿದ್ದ ಹೊತ್ತು. ಹಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತ ಬಡ್ತಿ ಬರಲು ಅಮ್ಮ ಯಾಕೆ ಅಷ್ಟು ವರ್ಷ ಕಾದಳು ಅಂತ ನಮಗೆ ಗೊತ್ತೇ ಇರಲಿಲ್ಲ. ಅವಳು ಒಂದು ದಿನವೂ ಹೇಳಲಿಲ್ಲ. ಇನ್ನೂ ಒಂದಿದೆ. ಆಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆ, ದಾವಣಗೆರೆ ಚಿತ್ರದುರ್ಗ ಜಿಲ್ಲೆ. ಸರಿಯಾಗಿ ಹದಿಮೂರು ವರ್ಷಕ್ಕೆ, 1997ರಲ್ಲಿ, ದಾವಣಗೆರೆ ಹೊಸ ಜಿಲ್ಲೆಯಾಗಿ ಹರಪನಹಳ್ಳಿಯೂ ಅದಕ್ಕೇ ಸೇರಿತು. ಅಂಕಲ್ ನಕ್ಕರು. ನಮಗೆ ನಗು ಬರಲಿಲ್ಲ.

ಎಲ್ಲ ತಾಯಂದಿರಿಗೂ ಸೇವಾ ಪುಸ್ತಕ ಇರುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾಗಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹಾಗಾಗಿ ಅವರ ಬದುಕು ಕೇಂದ್ರದ ರಿಜಿಸ್ಟರುಗಳಲ್ಲಿ, ತರಬೇತಿ ಪತ್ರಗಳಲ್ಲಿ ಚೂರುಚೂರಾಗಿ ಇರುತ್ತದೆ. ಪಂಚಾಯ್ತಿಯಲ್ಲಿದ್ದವರಾದರೆ ಸಭೆಯ ನಡವಳಿ ಪುಸ್ತಕ ಕೇಳಿ. 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆದಾಗ ನಾಲ್ಕನೇ ಒಂದು ಭಾಗ ಸೀಟು ಹೆಂಗಸರಿಗಿತ್ತು. ಆ ಕಾಲದ ಎಷ್ಟೋ ಅಜ್ಜಿಯರ ಹೆಬ್ಬೆಟ್ಟು ಆ ಪುಸ್ತಕಗಳಲ್ಲಿದೆ. ಯಾವ ಬೀದಿಗೆ ಬೋರ್‌ವೆಲ್ ಬೇಕು ಅಂತ ಯಾರು ಎದ್ದು ನಿಂತು ಕೇಳಿದರು ಅನ್ನುವುದೂ ಇರುತ್ತದೆ. ಟೀಚರ್ ಆಗಿದ್ದರೆ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅವರ ಕೈಬರಹ ಹುಡುಕಿ, ಜನಗಣತಿ, ಚುನಾವಣೆ ಡ್ಯೂಟಿಯ ಆದೇಶಗಳನ್ನೂ ನೋಡಿ.

ಒಂದು ಕಾಗದವೂ ಇಲ್ಲ ಅಂತ ಕೈಚೆಲ್ಲಬೇಡಿ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಓದು ಬರಹ ಕಲಿತವರಲ್ಲ. ಯಾವ ಇಲಾಖೆಯ ನೌಕರರೂ ಅಲ್ಲ. ದುಡ್ಡು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತ ಊರೂರಿನ ಜನ ಹೇಳಿದರು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಸೇವಾ ಪುಸ್ತಕ ಜನರ ಬಾಯಲ್ಲಿತ್ತು.

ವರ್ಷಗಳನ್ನು ಸಾಲಾಗಿ ಜೋಡಿಸಿ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಒಂದೊಂದು ವರ್ಷಕ್ಕೆ ಒಂದು ಸಾಲು ಬಿಡಿ. ಎಡಕ್ಕೆ ಮನೆ, ಬಲಕ್ಕೆ ಕೆಲಸ. ನಮ್ಮದರಲ್ಲಿ 1976ರ ಎಡಕ್ಕೆ "ನಾನು ಹುಟ್ಟಿದ್ದು", ಬಲಕ್ಕೆ "ಹೆರಿಗೆ ರಜೆ ಮುಗಿಸಿ ಡ್ಯೂಟಿಗೆ ಹಾಜರು" ಅಂತ ಬಂತು. ಆಗಿನ ದಿನಗಳಲ್ಲಿ ಊರೂರಲ್ಲಿ ಕುಟುಂಬ ಯೋಜನೆ ಶಿಬಿರ, ಟಾರ್ಗೆಟ್ಟು. ಕೂಸನ್ನು ಅಜ್ಜಿ ಹತ್ತಿರ ಬಿಟ್ಟು ಮನೆಮನೆಗೆ ಹೋಗಿ "ಎರಡು ಸಾಕು" ಅನ್ನುತ್ತಿದ್ದಳು. ಎರಡೂ ಖಾನೆ ಅಕ್ಕಪಕ್ಕ ಇಟ್ಟಾಗ ಮಾತ್ರ ಇಂಥದ್ದು ಕಾಣುತ್ತದೆ.

ತಾರೀಖಿನ ವಿಷಯದಲ್ಲಿ ಹುಷಾರು. ಹಳೆಯ ತಲೆಮಾರಿನವರಿಗೆ ಎರಡು ಹುಟ್ಟಿದ ದಿನ. ಒಂದು ನಿಜವಾದದ್ದು, ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅಮ್ಮನ ದಾಖಲೆಯಲ್ಲಿ 1-6-1948. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಸರ್ವಧಾರಿ ಸಂವತ್ಸರ, ಕಾರ್ತಿಕ ಮಾಸ. ಸಂವತ್ಸರದ ಹೆಸರು ಸಿಕ್ಕರೆ ವರ್ಷ ತೆಗೆಯುವುದು ಸುಲಭ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1927ರ ಯುಗಾದಿಗೆ ಶುರುವಾದದ್ದು ಪ್ರಭವ, ಆಮೇಲೆ 1987ರಲ್ಲಿ ಮತ್ತೆ ಪ್ರಭವ. ಪ್ರಭವದಿಂದ ಎಣಿಸಿಕೊಂಡು ಹೋಗಿ. ಸರ್ವಧಾರಿ ಇಪ್ಪತ್ತೆರಡನೆಯದು, ಅಂದರೆ 1948–49. ಕಾರ್ತಿಕ ಅಂದರೆ ನವೆಂಬರ್ ಹೊತ್ತು. ಮೇಷ್ಟ್ರು ಅಮ್ಮನನ್ನು ಐದು ತಿಂಗಳು ದೊಡ್ಡವಳು ಮಾಡಿದ್ದರು. ಅಷ್ಟೇ ಅಲ್ಲ, ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿಯಾಗುತ್ತಾರೆ. ಆಗ ನಿವೃತ್ತಿ ವಯಸ್ಸು 58. 31-5-2006ಕ್ಕೆ ಅಮ್ಮ ಮನೆಗೆ ಬಂದಳು. ಪುಸ್ತಕದಲ್ಲಿ ಎರಡೂ ತಾರೀಖು ಹಾಕಿ, ಯಾಕೆ ಅಂತ ಒಂದು ಸಾಲು ಬರೆಯಿರಿ. ಒಂದನ್ನು ಮುಚ್ಚಿಟ್ಟರೆ ಮುಂದೆ ಮೊಮ್ಮಕ್ಕಳು ಜಗಳವಾಡುತ್ತಾರೆ.

ಊರು, ಜಿಲ್ಲೆಯ ಹೆಸರೂ ಹಾಗೆಯೇ. ಅಮ್ಮನ ನೇಮಕಾತಿ ಆದೇಶದ ಮೇಲೆ ಇದ್ದದ್ದು ಮೈಸೂರು ಸರ್ಕಾರ. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ತಾರೀಖು ಹರಿದು ಹೋದ ಕಾಗದ ಸಿಕ್ಕರೆ ತಲೆಬರಹ ನೋಡಿ, 1973ಕ್ಕೆ ಹಿಂದಿನದೋ ಮುಂದಿನದೋ ಗೊತ್ತಾಗುತ್ತದೆ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಅಮ್ಮ ಅಲ್ಲಿದ್ದಾಗ ಯಾವ ಜಿಲ್ಲೆಯಾಗಿತ್ತೋ ಅದನ್ನೇ ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ಕೊಡಿ.

ಜನರ ಹತ್ತಿರ ಹೋಗಿ

ಇದನ್ನು ಫೋನಿನಲ್ಲಿ ಮುಗಿಸಲು ನೋಡಬೇಡಿ. ಹೋಗಿ ಕೂರಬೇಕು.

ಯಾರನ್ನು ಕೇಳಬೇಕು? ದೊಡ್ಡ ಸಾಹೇಬರನ್ನು ಕೊನೆಗೆ ಕೇಳಿ. ಅವರು ಭಾಷಣ ಮಾಡುತ್ತಾರೆ. ಮೊದಲು ಜೀಪ್ ಡ್ರೈವರ್, ಪ್ರಾಥಮಿಕ ಆರೋಗ್ಯ ಕೇಂದ್ರದ ಆಯಾ, ಪಕ್ಕದ ಉಪಕೇಂದ್ರದಲ್ಲಿದ್ದ ಇನ್ನೊಬ್ಬ ನರ್ಸಮ್ಮ, ಬಸ್‌ಸ್ಟ್ಯಾಂಡಿನ ಹೋಟೆಲಿನವರು, ಆ ಊರಿನ ಅಂಗನವಾಡಿ ಟೀಚರ್. ವಯಸ್ಸಾದವರನ್ನು ಮೊದಲು. ನಮ್ಮ ಪಟ್ಟಿಯಲ್ಲಿದ್ದ ಇಬ್ಬರು ನಾವು "ಮುಂದಿನ ತಿಂಗಳು ಹೋಗೋಣ" ಅನ್ನುವಷ್ಟರಲ್ಲಿ ತೀರಿಕೊಂಡರು.

ಏನು ಕೇಳಬೇಕು ಅನ್ನುವುದೇ ಇಡೀ ಕೆಲಸದ ಗುಟ್ಟು. "ನಮ್ಮಮ್ಮ ಹೇಗಿದ್ರು?" ಅಂದರೆ "ದೇವರಂಥೋರು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಕೈಗೆ ಸಿಗುವಂಥದ್ದನ್ನು ಕೇಳಿ. ಯಾವ ಬಸ್ಸಿಗೆ ಬರ್ತಿದ್ರು? ಬಸ್ ತಪ್ಪಿದ್ರೆ ಏನು ಮಾಡ್ತಿದ್ರು? ಚೀಲದಲ್ಲಿ ಏನೇನಿರ್ತಿತ್ತು? ಮಧ್ಯಾಹ್ನ ಎಲ್ಲಿ ಊಟ? ಯಾರ ಮೇಲೆ ಸಿಟ್ಟಾಗ್ತಿದ್ರು? ಒಂದು ಸಲ ಅವರಿಂದ ತಪ್ಪಾದದ್ದು ನೆನಪಿದೆಯಾ? ಕೊನೆಯ ಪ್ರಶ್ನೆಗೆ ಮೊದಲು ಎಲ್ಲರೂ ಇಲ್ಲ ಅಂತಾರೆ. ಎರಡನೇ ಲೋಟ ಚಹಾ ಬಂದ ಮೇಲೆ ಮತ್ತೆ ಕೇಳಿ.

ಹರಪನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಕಟ್ಟೆ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆವು. ಹೆರಿಗೆಗೆ ಬಂದಾಗ ನಮ್ಮಮ್ಮ ಮೊದಲು ಏನು ಮಾಡ್ತಿದ್ರು ಅಂತ. ಅವರು ಯೋಚನೆಯನ್ನೇ ಮಾಡಲಿಲ್ಲ. "ಮೊದ್ಲು ನೀರು ಕಾಸಾಕೆ ಹೇಳ್ತಿದ್ಲು. ಆಮೇಲೆ ಗಂಡಸರ್ನೆಲ್ಲ ಹೊರಗೆ ಅಟ್ತಿದ್ಲು. ಆಮೇಲೆ ವಾಚು ಬಿಚ್ಚಿ ಸೆರಗಿಗೆ ಗಂಟು ಹಾಕ್ಕೊಂತಿದ್ಲು. ನನ್ನ ಮಗ ಹುಟ್ಟಿದಾಗ ಗಂಟು ಬಿಚ್ಚಿ ಟೈಮ್ ನೋಡಿ ಗೋಡೆ ಮೇಲೆ ಇದ್ದಲಲ್ಲಿ ಬರದ್ಲು." ಹೀಗೆ ಹೇಳುತ್ತಾ ತಮ್ಮ ಸೆರಗಿನ ತುದಿ ಹಿಡಿದು ಗಂಟು ಹಾಕಿ ತೋರಿಸಿದರು. ಅಮ್ಮನ ಎಚ್‌ಎಂಟಿ ವಾಚಿಗೆ ಬೆಲ್ಟ್ ಯಾವಾಗಲೂ ಸರಿ ಇರುತ್ತಿರಲಿಲ್ಲ ಅಂತ ನಾವು ಎಷ್ಟು ಆಡಿಕೊಂಡಿದ್ದೇವೋ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮಾಡುತ್ತಿದ್ದೇವೆ ಅಂತ ಹೇಳಿಯೇ ಮಾಡಿ. ಮನೆಗೆ ಬಂದ ದಿನವೇ ಫೈಲಿಗೆ ಊರು, ತಾರೀಖು ಹಾಕಿಡಿ. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ತಿದ್ದಿದರೆ ಎಲ್ಲರೂ ಒಂದೇ ಥರ ಮಾತಾಡುತ್ತಾರೆ.

ಫೋಟೋಗಳು

ಅಂಟಿನ ಆಲ್ಬಮ್ಮಿನಿಂದ ಕಿತ್ತು ತೆಗೆಯಬೇಡಿ, ಹರಿಯುತ್ತದೆ. ಹಾಗೆಯೇ ಕಿಟಕಿ ಪಕ್ಕ ಇಟ್ಟು, ಫ್ಲಾಶ್ ಇಲ್ಲದೆ ಫೋಟೋ ತೆಗೆಯಿರಿ. ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐ. ಬಿಡಿ ಫೋಟೋದ ಹಿಂದೆ ಸ್ಟುಡಿಯೋ ಸೀಲು ಇದೆಯಾ ನೋಡಿ, ಊರು ಗೊತ್ತಾಗುತ್ತದೆ. ಹೆಸರು ಬರೆಯುವುದಾದರೆ ಪೆನ್ಸಿಲ್ ಮಾತ್ರ. ಒಟ್ಟು ಐದಾರು ಸಾಕು. ಅದರಲ್ಲಿ ಒಂದಾದರೂ ಕೆಲಸದ ಜಾಗದ್ದಿರಲಿ. ನಮ್ಮಲ್ಲಿ ಇದ್ದದ್ದು ಒಂದೇ: ಪಲ್ಸ್ ಪೋಲಿಯೋ ದಿನ ಮರದ ಕೆಳಗೆ ಮೇಜು, ಐಸ್ ಡಬ್ಬಿ, ಅಮ್ಮ ಯಾವುದೋ ಕೂಸಿನ ಕಿರುಬೆರಳಿಗೆ ಗುರುತು ಹಾಕುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಮುಖಪುಟಕ್ಕೆ ಅದನ್ನೇ ಹಾಕಿದೆವು.

ಮೊಮ್ಮಕ್ಕಳಿಗೆ ಬೇರೆಯೇ ಕೇಳಿ

ಮೊಮ್ಮಕ್ಕಳು ಕಂಡ ಅಜ್ಜಿ ಬೇರೆ ಮನುಷ್ಯಳು. ಅವರಿಗೆ ಗೊತ್ತಿರುವುದು ನಿವೃತ್ತಿಯಾದ ಮೇಲಿನವಳು. ಮನೆಯಲ್ಲೇ ಇರುವವಳು, ಸಿಟ್ಟು ಮಾಡದವಳು. ನಾವು ಪಕ್ಕದಲ್ಲಿ ಕೂತು ಹೇಳಿಕೊಡಬಾರದು. ಬರೆಯಲು ಬೇಸರವಾದರೆ ವಾಯ್ಸ್ ಮೆಸೇಜ್ ಕಳಿಸಲಿ. ಅಕ್ಕನ ಮಗಳು ಅಮೆರಿಕದಿಂದ ಕಳಿಸಿದ್ದು ಎರಡು ನಿಮಿಷದ್ದು. ಅವಳಿಗೆ ಮಗುವಾದ ಮೇಲೆ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಕೂಸಿನ ಮುಖ ನೋಡುವ ಮುಂಚೆ ಲಸಿಕೆ ಕಾರ್ಡು ತೋರಿಸು ಅನ್ನುತ್ತಿದ್ದಳಂತೆ. "ಒಂಬತ್ತು ತಿಂಗಳಿಂದು ಸೂಜಿ ಹಾಕ್ಸಿದ್ಯಾ?" ಅಲ್ಲಿನ ಡಾಕ್ಟರು ದಡಾರದ್ದನ್ನು ವರ್ಷ ತುಂಬಿದ ಮೇಲೆ ಹಾಕುತ್ತಾರೆ ಅಂದರೆ ಅಜ್ಜಿ ಒಪ್ಪಲೇ ಇಲ್ಲವಂತೆ. "ಯಾಕೆ, ಅಲ್ಲಿ ಕೂಸುಗಳೇನು ನಿಧಾನಕ್ಕೆ ಬೆಳೀತಾವಾ?"

ಇದನ್ನು ನಾವು ಪುಸ್ತಕದ ನಡುವೆ, ನರ್ಸಮ್ಮನ ಕತೆಗಳ ಮಧ್ಯದಲ್ಲೇ ಹಾಕಿದೆವು. ತಾಯಿ, ಅಜ್ಜಿ, ನೌಕರಳು ಅಂತ ಮೂರು ಭಾಗ ಮಾಡಿ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಮನುಷ್ಯರು ಹಾಗೆ ಭಾಗವಾಗಿ ಬದುಕುವುದಿಲ್ಲ.

ಈಗ ಬರೆಯಿರಿ

ಒಂದು ನಿಯಮ ಇಟ್ಟುಕೊಳ್ಳಿ. ಅವಳು ಎಂಥವಳು ಅಂತ ಬರೆಯಬೇಡಿ, ಏನು ಮಾಡಿದಳು ಅಂತ ಬರೆಯಿರಿ. ಕರುಣಾಮಯಿ, ನಿಸ್ವಾರ್ಥಿ, ಸಹನಾಮೂರ್ತಿ ಅನ್ನುವ ಮಾತು ಬಂದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು, ಆ ಜಾಗಕ್ಕೆ ನಡೆದದ್ದೊಂದನ್ನು ತನ್ನಿ. ಇಲ್ಲದಿದ್ದರೆ ಖಾಲಿ ಬಿಡಿ.

ನಮ್ಮ ನಾಡಿನಲ್ಲಿ ಇದು ಹೊಸದೇನಲ್ಲ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 949–50ರ ಒಂದು ಕಲ್ಲು ನಿಂತಿತ್ತು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಕಾಳಿ ಅನ್ನುವ ನಾಯಿಯ ನೆನಪೂ ಇದೆ. ಅದರ ಯಜಮಾನ ಮಣಲೇರ ಏನು ಬರೆಸಿದ? ಬೆಳತೂರಿನ ಪಡುವಣ ದಿಕ್ಕಿನ ದಿಬ್ಬದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಯಾವ ಊರು, ಯಾವ ದಿಕ್ಕು, ಏನಾಯಿತು, ಅಷ್ಟೇ. ಸಾವಿರ ವರ್ಷವಾದರೂ ಆ ನಾಯಿ ಕಣ್ಣಿಗೆ ಕಟ್ಟುತ್ತದೆ ಅಲ್ವಾ? ನಮ್ಮಮ್ಮಂದಿರಿಗೆ ಅಷ್ಟಾದರೂ ಬೇಡವಾ?

ಹುಟ್ಟಿನಿಂದಲೇ ಶುರು ಮಾಡಬೇಕು ಅಂತಿಲ್ಲ. ಒಂದು ದಿನದಿಂದ ಶುರು ಮಾಡಿ. ನಾವು 1985ರ ಸುಮಾರಿನ ಒಂದು ಸಾದಾ ಮಂಗಳವಾರ ತೆಗೆದುಕೊಂಡೆವು. ಐದಕ್ಕೆ ಎದ್ದು ರೊಟ್ಟಿ ತಟ್ಟಿದ್ದು, ಅಕ್ಕನಿಗೆ ಜಡೆ, ನಮಗೆ ಬುತ್ತಿ, ಎಂಟರ ಖಾಸಗಿ ಬಸ್ಸು, ಉಪಕೇಂದ್ರದ ಬೀಗ, ಅರ್ಹ ದಂಪತಿ ರಿಜಿಸ್ಟರು (ಕುಟುಂಬ ಯೋಜನೆಗೆ ಬರುವ ದಂಪತಿಗಳ ಪಟ್ಟಿ), ಬಿಸಿಲಲ್ಲಿ ಎರಡು ಹಳ್ಳಿ, ಸಂಜೆ ಬಸ್ಸಿನಲ್ಲಿ ತೂಕಡಿಕೆ, ಬರುತ್ತಾ ಸೊಪ್ಪು. ಒಂದು ದಿನ ಸರಿಯಾಗಿ ಬರೆದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ.

ದೊಡ್ಡ ವಿಷಯಗಳನ್ನು ಅಮ್ಮನ ಅಳತೆಗೆ ತನ್ನಿ. ಭಾರತ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟದ್ದು 2014ರ ಮಾರ್ಚ್ 27ಕ್ಕೆ. ಅಮ್ಮ ನಿವೃತ್ತಿಯಾಗಿ ಎಂಟು ವರ್ಷವಾಗಿತ್ತು. ಟೀವಿ ನೋಡುತ್ತಾ ಅವರೆಕಾಯಿ ಸುಲಿಯುತ್ತಿದ್ದವಳು, "ಹಂಗಾದ್ರೆ ಆ ಐಸ್ ಡಬ್ಬಿ ಹೊತ್ತಿದ್ದು ದಂಡ ಆಗ್ಲಿಲ್ಲ ಬಿಡು" ಅಂದಳು. ಪುಸ್ತಕದಲ್ಲಿ ಪೋಲಿಯೋ ಬಗ್ಗೆ ಇರುವುದು ಈ ನಾಲ್ಕು ಸಾಲು ಮಾತ್ರ.

ಏನು ಬಿಡಬೇಕು, ಏನು ಬಿಡಬಾರದು

ಬಿಡಬೇಕಾದದ್ದು ಬೇರೆಯವರ ಗುಟ್ಟು. ನರ್ಸಮ್ಮನ ಡೈರಿಯಲ್ಲಿ ಯಾರ ಮನೆಯ ಹುಡುಗಿಗೆ ಏನಾಗಿತ್ತು, ಯಾರು ಯಾರಿಗೂ ತಿಳಿಸದೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದೆಲ್ಲ ಇರುತ್ತದೆ. ಅಮ್ಮ ಬಾಯಿ ಬಿಡಲಿಲ್ಲ ಅಂದ ಮೇಲೆ ನಾವೂ ಬಿಡಬಾರದು. ಹೆಸರು ಬದಲಿಸಿದರೆ ಸಾಲದು, ಸಣ್ಣ ಊರಿನಲ್ಲಿ ಬೀದಿಯ ಹೆಸರು ಹೇಳಿದರೂ ಗೊತ್ತಾಗುತ್ತದೆ. ಅಮ್ಮನ ಅಂಥ ಎರಡು ಡೈರಿಗಳನ್ನು ಅಕ್ಕ ಒಲೆಗೆ ಹಾಕಿದಳು. ನಾನು ಬೇಡ ಅಂದೆ, ಅವಳು ಕೇಳಲಿಲ್ಲ. ಈಗ ಯೋಚಿಸಿದರೆ ಅವಳದ್ದೇ ಸರಿ ಅನಿಸುತ್ತದೆ.

ಬಿಡಬಾರದ್ದು ನಮ್ಮ ನೋವು. ನನಗೆ ಹತ್ತು ವರ್ಷವಿದ್ದಾಗ ಒಂದು ರಾತ್ರಿ ವಿಪರೀತ ಜ್ವರ. ಹನ್ನೊಂದರ ಹೊತ್ತಿಗೆ ಯಾರೋ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಬಾಗಿಲು ಬಡಿದರು. ಅಮ್ಮ ನನ್ನ ಹಣೆ ಮುಟ್ಟಿ ನೋಡಿ, ಅಪ್ಪನಿಗೆ ಒದ್ದೆ ಬಟ್ಟೆ ಕೊಟ್ಟು, ಚೀಲ ತಗೊಂಡು ಹೋದಳು. ಬಂದದ್ದು ಮರುದಿನ ಮಧ್ಯಾಹ್ನ. ನಾನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಇದನ್ನು ಬರೆದಾಗ ಅಕ್ಕ, "ಇದೆಲ್ಲ ಯಾಕೋ? ಅಮ್ಮನ ಮರ್ಯಾದೆ ಏನಾಗ್ಬೇಕು?" ಅಂತ ಜಗಳ ತೆಗೆದಳು. ಒಂದು ವಾರ ಫೋನ್ ಇಲ್ಲ. ಕೊನೆಗೆ ಹಾಕಿದೆವು. ಆವತ್ತಿನ ಹೆರಿಗೆ ಏನಾಯಿತು, ಕೂಸು ಉಳಿಯಿತಾ, ಯಾವುದೂ ನಮಗೆ ಸಿಗಲಿಲ್ಲ. ಸಿಗದೆ ಇದ್ದದ್ದನ್ನೂ ಹಾಗೆಯೇ ಬರೆದೆವು. ಓದಿದವರು ಹೆಚ್ಚು ಮಾತಾಡಿದ್ದು ಆ ಪುಟದ ಬಗ್ಗೆಯೇ. ಅದರಲ್ಲೂ ಟೀಚರುಗಳ ಮಕ್ಕಳು, ಪೊಲೀಸರ ಮಕ್ಕಳು.

ಅಚ್ಚು ಹಾಕಿಸುವಾಗ

ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 16, 24, 32. ಎ4 ಹಾಳೆ ಮಡಚಿ ಸೆಂಟರ್ ಪಿನ್ ಹೊಡೆಸಿದರೆ 32 ಪುಟಕ್ಕೆ ಎಂಟು ಹಾಳೆ. ಅಕ್ಷರ ಸ್ವಲ್ಪ ದೊಡ್ಡದೇ ಇರಲಿ, ಓದುವವರಲ್ಲಿ ಅರ್ಧ ಜನಕ್ಕೆ ಕನ್ನಡಕ.

ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಪ್ರೆಸ್ಸಿಗೆ ಪಿಡಿಎಫ್ ಕೊಡಿ. ನಾನು ಮೊದಲು ವರ್ಡ್ ಫೈಲು ಕೊಟ್ಟು ಬಂದಿದ್ದೆ. ಅವರು ಹಳೆಯ ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. "ಅಮ್ಮ" ಅನ್ನುವುದು ಇಡೀ ಪುಸ್ತಕದಲ್ಲಿ "ಅಮ" ಆಗಿತ್ತು. ಮಾದರಿ ಪ್ರತಿ ತೆಗೆಸಿ, ಮನೆಯವರಲ್ಲದ ಒಬ್ಬರಿಂದ ಓದಿಸಿ. ಮನೆಯವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಕಣ್ಣು ತುಂಬಿಕೊಂಡಿರುತ್ತದೆ.

ಹಂಚುವಾಗ ನೆಂಟರಿಗೆ ಎಷ್ಟೋ, ಅವಳು ಕೆಲಸ ಮಾಡಿದ ಊರುಗಳಿಗೂ ಅಷ್ಟೇ ಎತ್ತಿಡಿ. ಗ್ರಾಮ ಪಂಚಾಯ್ತಿ ಲೈಬ್ರರಿಗೆ ಒಂದು, ಉಪಕೇಂದ್ರಕ್ಕೆ ಒಂದು, ಮಾತಾಡಿದ ಪ್ರತಿಯೊಬ್ಬರಿಗೂ ಕೈಯಾರೆ ಒಂದು. ಓದಲು ಬಾರದವರಿಗೆ ಅವರು ಹೇಳಿದ ಪುಟವನ್ನು ಅಲ್ಲೇ ಕೂತು ಓದಿ ಹೇಳಿ.

ಇನ್ನೊಂದು. ಕೊನೆಯ ಎರಡು ಪುಟ ಖಾಲಿ ಬಿಡಿ. ನಾವು ಬಿಟ್ಟದ್ದು ಆಕಸ್ಮಿಕವಾಗಿ, ಬರೆದದ್ದು 30 ಪುಟಕ್ಕೇ ಮುಗಿದಿತ್ತು. ವಾಚಿನ ಕತೆ ಹೇಳಿದ ಅಜ್ಜಿಗೆ ಪುಸ್ತಕ ಕೊಡಲು ಹೋದಾಗ ಅವರ ಪುಟ ಓದಿ ಹೇಳಿದೆ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದಲಲ್ಲಿ ಅಲ್ಲಪ್ಪಾ, ಸುಣ್ಣದಾಗೆ ಬರದ್ಲು" ಅಂದರು. ಅವರ ಮೊಮ್ಮಗಳ ಪೆನ್ನು ಇಸಕೊಂಡು ಹಿಂದಿನ ಖಾಲಿ ಪುಟದಲ್ಲಿ ಬರೆದುಕೊಂಡೆ. ಆಮೇಲೆ ಎಲ್ಲಿ ಹೋದರೂ ಹಾಗೆಯೇ. ನನ್ನ ಪ್ರತಿಯಲ್ಲಿ ಈಗ ಒಂದೂವರೆ ಪುಟ ತುಂಬಿದೆ.